ಮೊಸಳೆಗೆ ನೀರು ಹೊಯ್ದ ದಿನಗಳು

ಮೊಸಳೆ ಹಿಡಿಯಲು ದಪ್ಪ ಹಗ್ಗ ಕೆಲಸಕ್ಕೆ ಬಾರದು. ಎಷ್ಟೇ ದಪ್ಪವಿರಲಿ, ಹಲ್ಲಿಗೆ ಸಿಕ್ಕಿದರೆ ಕಬ್ಬು ಕಡಿದಂತೆ ಕಡಿದು ಹಾಕುತ್ತದೆ. ಅದಕ್ಕೇ ಗಾಳದ ಹತ್ತಿರ ತೋಳಿನುದ್ದದಷ್ಟು ಸಣ್ಣ ಸಣ್ಣ ದಾರಗಳ ಕಂತೆಯನ್ನು ಹುರಿಗೊಳಿಸದೆ ಹಾಗೇ ಕಟ್ಟಬೇಕು. ಮೊಸಳೆ ಕಚ್ಚಿದಾಗ ದಾರಗಳು ಹಲ್ಲಿನ ಸಂದಿಗೆ ಇಳಿದುಬಿಡುತ್ತವೆ. ಕಡಿಯಲು ಏನೂ ಸಿಗುವುದಿಲ್ಲ. ಕಂತೆಯ ಇನ್ನೊಂದು ತುದಿಗೆ ದಪ್ಪ ಹಗ್ಗ, ಆ ಹಗ್ಗದ ಕೊನೆ ದಡದ ಮತ್ತಿಮರದ ಬುಡಕ್ಕೆ.

ತಿರುಮಕೂಡಲಿನ ಹರಿಗೋಲಿನವರ ಜೊತೆ ಮರಳಿನ ಮೇಲೆ ಕೂತು ನಾನೂ ಆ ದಾರಗಳನ್ನು ಹೊಸೆದೆ. ಪಂಚೆ ಮೇಲೆತ್ತಿ ತೊಡೆಯ ಮೇಲೆ ಪುಂಡಿನಾರು ಉಜ್ಜುವ ಶೇಕ್ದಾರನನ್ನು ಅವರು ಹಿಂದೆ ಕಂಡಿರಲಿಲ್ಲ.

“ಇದೆಲ್ಲಿ ಕಲಿತ್ರಿ ಬುದ್ಧಿ?” ಎಂದ ಅವರ ಯಜಮಾನ.

“ನಮ್ಮಪ್ಪನ ಮನೇಲಿ. ಎತ್ತಿನ ಕಣ್ಣಿ, ಮೂಗುದಾರ, ಎಲ್ಲಾ ನಾವೇ ಹೊಸೀತಿದ್ದದ್ದು.”

“ಅಂಗಾದ್ರೆ ಬಿಯೇ ಯಾಕೆ ಓದುದ್ರಿ? ಒಸ್ಕೊಂಡೇ ಇರ್ಬೋದಿತ್ತಲ್ಲ!” ಎಂದು ಹಿಂದಿನಿಂದ ಒಬ್ಬ ಅಂದ. ಎಲ್ಲರೂ ನಕ್ಕರು. ಆ ಕೇರಿಯವರು ನಗುವುದನ್ನು ನಾನು ಆಮೇಲೆ ಬಹಳ ದಿನ ನೋಡಲಿಲ್ಲ.

ಆಗ ನಾನು ನರಸೀಪುರ ತಾಲ್ಲೂಕಿನಲ್ಲಿ ಹೊಸ ಶೇಕ್ದಾರ. ಒಂದು ಹೋಬಳಿಯ ಕಂದಾಯ ನೋಡುವ ಹುದ್ದೆ. ಇನ್ನೂ ಕಾಯಂ ಆಗಿರಲಿಲ್ಲ. ಬಿಳಿಗೆರೆ ಕಡೆಯ ನಮ್ಮ ಹಳ್ಳಿಗೆ ಮೊದಲ ಬಿ.ಎ. ನಾನು. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದ ಮೊದಲಿಗನೂ ನಾನೇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಅದನ್ನು ನನಗೆ ದಾನ ಕೊಟ್ಟಿರಲಿಲ್ಲ.

ಆ ಮಾಗಿಯಲ್ಲಿ ಮದರಾಸಿನ ಕಡೆಯ ಒಬ್ಬ ಬಿಳಿಯ ದೊರೆ ಮೈಸೂರು ಸಂಸ್ಥಾನದ ಅತಿಥಿಯಾಗಿ ನಮ್ಮ ಕಡೆ ಬರುವುದಿತ್ತು. ನಂಜನಗೂಡಿನವರೆಗೆ ರೈಲು, ಅಲ್ಲಿಂದ ಸಾರೋಟು. ಶಿಕಾರಿಗೆಂದು ಮೀಸಲಿಟ್ಟ ಕೆರೆಗಳಲ್ಲಿ ಬಾತುಕೋಳಿ ಹೊಡೆಯುವುದು, ಎರಡು ಹೊಳೆ ಸೇರುವ ಕೂಡಲಿನಲ್ಲಿ ಡೇರೆ ಹಾಕಿ ಈಜುವುದು, ಹರಿಗೋಲಿನಲ್ಲಿ ತಲಕಾಡಿನ ಮರಳಿಗೆ ಹೋಗಿ ಮುಡುಕುತೊರೆ ಬೆಟ್ಟ ಹತ್ತುವುದು, ಕೊನೆಗೆ ಶಿವನಸಮುದ್ರದ ಚುಕ್ಕಿಗಳಲ್ಲಿ ನೀರು ಬೀಳುವುದನ್ನು ನೋಡಿ ಅದರ ಕೆಳಗಿನ ಮಡುಗಳಲ್ಲಿ ಗಾಳ ಹಾಕುವುದು. ಇಷ್ಟು ಅವರ ವಿಹಾರ. ಡೇರೆ, ಸೌದೆ, ಹಾಲು, ಹರಿಗೋಲು, ಆಳು ಒದಗಿಸುವುದು ನನ್ನ ಕೆಲಸ. ನಂಜನಗೂಡು ಸ್ಟೇಷನ್ನಿನಿಂದ ಸೋಡಾಬುಡ್ಡಿಯ ಪೆಟ್ಟಿಗೆಗಳನ್ನು ಒಡೆಯದಂತೆ ಹುಲ್ಲಿನಲ್ಲಿ ಹುದುಗಿಸಿ ತರಿಸಿದ್ದೆ. ಎಲ್ಲ ಸರಿಯಾಗಿತ್ತು.

ಅವರು ಬರುವ ಮುಂಚೆ ಕೂಡಲಿನ ಮಡುವಿನಲ್ಲಿ ಮೊಸಳೆ ಒಬ್ಬ ಹರಿಗೋಲಿನವನನ್ನು ಎಳೆದುಕೊಂಡು ಹೋಯಿತು.

ಹಾಡಹಗಲು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹರಿಗೋಲಿನ ತಳ ಉಜ್ಜುತ್ತಿದ್ದನಂತೆ. ತೊಡೆ ಕಚ್ಚಿತು. ಅವನು ಹರಿಗೋಲಿನ ಅಂಚು ಹಿಡಿದುಕೊಂಡ. ಹರಿಗೋಲು ಬುಗುರಿಯ ಹಾಗೆ ಸುತ್ತಿತು. ದಡದಲ್ಲಿದ್ದವರು ಹುಟ್ಟು ತೆಗೆದುಕೊಂಡು ನೀರು ಬಡಿದರು, ಕಲ್ಲು ತೂರಿದರು. ಹರಿಗೋಲು ಸುತ್ತುವುದು ನಿಂತಾಗ ಅಂಚಿನಲ್ಲಿ ಕೈ ಇರಲಿಲ್ಲ. ಹೆಣವೂ ಸಿಗಲಿಲ್ಲ. ಮದುವೆಯಾಗದ ಮಗ, ತಂದೆಯಿಲ್ಲ. ಮನೆಯಲ್ಲಿ ಉಳಿದದ್ದು ತಾಯಿ ಒಬ್ಬಳೇ.

ಮರುದಿನದಿಂದ ಹರಿಗೋಲಿನವರು ಮಡುವಿಗೆ ಹರಿಗೋಲು ಇಳಿಸಲಿಲ್ಲ. ತಾಲ್ಲೂಕಿನ ಮುಖ್ಯಾಧಿಕಾರಿ ಅಮಲ್ದಾರರು ಕಚೇರಿಯ ದಫೇದಾರನನ್ನು ಕಳಿಸಿದರು. ಆರಡಿ ಆಳು, ಅಡ್ಡಪಟ್ಟಿ, ಮೀಸೆ, ಕೈಯಲ್ಲಿ ಬಾರುಕೋಲು. ಕೇರಿಗೆ ಹೋದವನೇ ಮಾತಿಗೆ ಮುಂಚೆ ಬಾರು ಬೀಸಿದ. ನಾನು ಓಡಿ ಹೋಗುವಷ್ಟರಲ್ಲಿ ಯಜಮಾನನ ಬೆನ್ನ ಮೇಲೆ ಮೂರು ಬಾಸುಂಡೆ ಎದ್ದಿದ್ದವು.

“ಬಾರು ಕೆಳಗಿಡಿ” ಎಂದೆ.

“ಅಮಲ್ದಾರ್ರ ಅಪ್ಪಣೆ ಸ್ವಾಮಿ. ಈ ನನ್ಮಕ್ಳಿಗೆ ಬಾಯ್ಮಾತು ನಾಟಲ್ಲ.”

“ಈ ಹೋಬಳಿಯಲ್ಲಿ ಅಪ್ಪಣೆ ನಡೆಸುವವನು ನಾನು. ಇನ್ನೊಂದು ಏಟು ಬಿದ್ದರೆ ಆ ಬಾರಿನಲ್ಲೇ ನಿಮ್ಮನ್ನು ಕಟ್ಟಿ ಕಚೇರಿಗೆ ಕಳಿಸ್ತೀನಿ.”

ಅವನು ಬಾರು ಸುತ್ತಿಕೊಂಡ. “ಬಿಯೇ ಮಾಡ್ದೋರು, ನೀವೇಳಿ ಮತ್ತೆ. ಅದೆಂಗೆ ಕೇಳ್ತಾರೆ ನೋಡ್ತೀನಿ” ಎಂದು ಜಗುಲಿ ಮೇಲೆ ಕೂತ.

ಯಜಮಾನ ಬೆನ್ನು ಸವರಿಕೊಳ್ಳದೆಯೇ ಹೇಳಿದ. ಮೊಸಳೆ ಯಾರನ್ನೂ ಮುಟ್ಟದಿದ್ದರೆ ಅವರೂ ಮೊಸಳೆಯನ್ನು ಮುಟ್ಟುವುದಿಲ್ಲ. ಮುಟ್ಟಿತೋ, ಅದನ್ನು ಹಿಡಿಯಲೇಬೇಕು. ಹಿಡಿದ ಮೇಲೆ ಮೊದಲ ಏಟು ಸತ್ತವನ ಮನೆಯದು. ಆ ಏಟು ಬೀಳುವವರೆಗೆ ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ತಿಥಿ ಮಾಡುವಂತಿಲ್ಲ. ಸತ್ತವನು ಹೊಳೆಯಲ್ಲೇ ಇದ್ದಾನೆ ಎಂದು ಲೆಕ್ಕ. ಅವನಿರುವ ನೀರಿನ ಮೇಲೆ ವಿಹಾರದವರನ್ನು ಕೂರಿಸಿಕೊಂಡು ಹುಟ್ಟು ಹಾಕುವುದು ಹೇಗೆ?

“ನೀವಾದ್ರೂ ನಿಮ್ಮಣ್ಣನ ಎದೆ ಮೇಲೆ ಕಾಲಿಟ್ಕೊಂಡು ಓಯ್ತೀರಾ ಬುದ್ಧಿ?” ಎಂದ.

“ಹಾಗಾದರೆ ಹಿಡಿಯೋಣ” ಎಂದೆ. “ಮೊದಲ ಏಟು ಆ ತಾಯಿಗೆ ಬಿಟ್ಟದ್ದು. ಅದು ನನ್ನ ಮಾತು.”

ಗಾಳ ಹಾಕಿದ್ದು ಸಂಜೆ. ನರಸೀಪುರದ ಕಮ್ಮಾರ ಬಡಿದುಕೊಟ್ಟ ಎರಡು ಕೊಂಡಿಯ ಕಬ್ಬಿಣ, ಅದಕ್ಕೆ ಕುರಿಯ ಕರುಳು ಮತ್ತು ಪುಪ್ಪುಸ, ತೇಲಲು ಒಣಗಿದ ಸೋರೆ ಬುರುಡೆ. ನಾನು ಲಿಂಗ ಕಟ್ಟಿದವನು. ಕುರಿಯ ಕರುಳಿನ ವಾಸನೆಗೆ ಮೂಗಿಗೆ ಪಂಚೆಯ ಚುಂಗು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಬುರುಡೆ ನೀರಿನ ಮೇಲೆ ಇರಲಿಲ್ಲ, ಮತ್ತಿಮರದ ಬುಡದಲ್ಲಿ ಹಗ್ಗ ತೊಗಟೆಯನ್ನು ಸುಲಿದು ಹಾಕಿತ್ತು.

ಕೇರಿಯ ಗಂಡಸರೆಲ್ಲ ಹಗ್ಗಕ್ಕೆ ಕೈ ಹಾಕಿದರು. ಮಡುವಿನೊಳಗೆ ಅದು ಬಂಡೆಯ ಹಾಗೆ ಕೂತಿತ್ತು. ಒಮ್ಮೆಲೇ ಎದ್ದು ನಮ್ಮ ಕಡೆಗೇ ನುಗ್ಗಿತು. ಹಗ್ಗ ಸಡಿಲವಾಗಿ ಎಳೆಯುತ್ತಿದ್ದವರೆಲ್ಲ ಹಿಂದಕ್ಕೆ ಬಿದ್ದರು. ತೆಳು ನೀರಿಗೆ ಬಂದದ್ದೇ ಉರುಳಲು ಶುರುಮಾಡಿತು. ಬಿಳಿ ಹೊಟ್ಟೆ, ಕಪ್ಪು ಬೆನ್ನು, ಬಿಳಿ ಹೊಟ್ಟೆ, ಕಪ್ಪು ಬೆನ್ನು; ನೀರು, ಕೆಸರು, ರಕ್ತ. ಬಾಲದ ಒಂದು ಬೀಸಿಗೆ ಒಬ್ಬನ ಮುಂಗೈ ಮುರಿಯಿತು. ಒಣಸೌದೆ ಮುರಿದ ಸದ್ದು. ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಅವನು ತನ್ನ ಕೈಯನ್ನು ಬೇರೆಯವರದೆಂಬಂತೆ ನೋಡುತ್ತ ನಿಂತ. ಅವನನ್ನು ಗಾಡಿಗೆ ಹಾಕಿ ನರಸೀಪುರದ ಆಸ್ಪತ್ರೆಗೆ ಕಳಿಸಿದೆ.

ಯಜಮಾನ ಹಿಂದಿನಿಂದ ಹೋಗಿ ನೆನೆದ ಗೋಣಿತಾಟನ್ನು ಅದರ ಕಣ್ಣಿನ ಮೇಲೆ ಎಸೆದ. ಕಣ್ಣು ಮುಚ್ಚಿದ ಕೂಡಲೇ ಮೊಸಳೆ ಸ್ವಲ್ಪ ಹೊತ್ತು ಅನುಮಾನದಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ಬಾಯಿಗೆ ಸುತ್ತು ಬಿದ್ದಿತು, ಕಾಲುಗಳನ್ನು ಬೆನ್ನ ಮೇಲಕ್ಕೆ ಎಳೆದು ಕಟ್ಟಿದರು, ಕುತ್ತಿಗೆಯಿಂದ ಬಾಲದವರೆಗೆ ಬೆನ್ನಿನುದ್ದಕ್ಕೂ ಬಿದಿರಿನ ಗಳ ಇಟ್ಟು ಬಿಗಿದರು. ಮರಳ ದಿಬ್ಬದ ಮೇಲೆ ಅದು ಸೌದೆ ಹೊರೆಯಂತೆ ಮಲಗಿತು. ಎತ್ತಿನ ಗಾಡಿಗಿಂತ ಉದ್ದವಿತ್ತು.

ತಾಯಿಯನ್ನು ಕರೆತನ್ನಿ ಎನ್ನುತ್ತಿದ್ದೆ. ದಫೇದಾರ ನದಿಯಾಚೆಯಿಂದ ಕೈ ಬೀಸುತ್ತ ಬಂದ.

“ಕೊಲ್ಲಬಾರ್ದಂತೆ! ದೊರೆಗಳು ನಾಳೆ ಬತ್ತಾರೆ, ಅವ್ರೇ ಗುಂಡು ಹಾಕ್ತಾರಂತೆ. ಜೀವಂತ ಇರ್ಬೇಕು ಅಂತ ಅಮಲ್ದಾರ್ರು ಅಪ್ಪಣೆ ಮಾಡವ್ರೆ.”

“ಕಟ್ಟಿಹಾಕಿದ್ದಕ್ಕೆ ಗುಂಡು ಹಾಕುವುದು ಶಿಕಾರಿಯೇ?” ಎಂದೆ.

“ಅದನ್ನ ದೊರೆಗಳ್ನೇ ಕೇಳಿ ಸ್ವಾಮಿ, ನಿಮ್ಗೆ ಇಂಗ್ಲೀಸು ಬತ್ತದಲ್ಲ.”

ನಾನು ಯೋಚನೆ ಮಾಡಿದೆ. ಒಂದು ದಿನ ತಡವಾದರೆ ಏನು? ದೊರೆ ಬಂದ ಮೇಲೆ ತಾಯಿ ಒಂದು ಏಟು ಹಾಕಲಿ, ಅವನು ಆಮೇಲೆ ಗುಂಡು ಹಾಕಿಕೊಳ್ಳಲಿ. ಎರಡೂ ಕಡೆ ನಡೆದೀತು. ಹಾಗೆಂದು ಯಜಮಾನನಿಗೆ ಹೇಳಿದೆ. ಅವನು ಒಪ್ಪಿದ, ಆದರೆ ಒಂದು ಮಾತು ಸೇರಿಸಿದ. “ಜೀವ ಇರೋವಾಗ್ಲೇ ಏಟು ಬೀಳ್ಬೇಕು ಬುದ್ಧಿ. ಸತ್ತುದ್ದಕ್ಕೆ ಒಡುದ್ರೆ ಅದು ಏಟಲ್ಲ.”

ಹೀಗೆ ಆ ಮೊಸಳೆಯನ್ನು ಬದುಕಿಸಿಕೊಳ್ಳುವ ಕೆಲಸ ನಮ್ಮ ಮೇಲೆ ಬಿತ್ತು.

ಪುಂಡಿನಾರಿನ ಹಗ್ಗದ ಗುಣ ನನಗೆ ಗೊತ್ತು. ನೆನೆದರೆ ಬಿಗಿಯುತ್ತದೆ, ಒಣಗಿದರೆ ಸಡಿಲವಾಗುತ್ತದೆ. ಹೊಳೆಯಲ್ಲಿ ನೆನೆದಿದ್ದಾಗ ಕಟ್ಟಿದ ಕಟ್ಟು ಮರಳಿನ ಬಿಸಿಲಿಗೆ ಒಣಗಿದರೆ ಬಳೆಯಂತೆ ಜಾರುತ್ತದೆ. ಜೊತೆಗೆ ಬಿಸಿಲಿಗೆ ಮೊಸಳೆಯೂ ಉಳಿಯುವುದಿಲ್ಲ. ಆದ್ದರಿಂದ ಹಗ್ಗಕ್ಕೂ ಮೈಗೂ ಬಿಡದೆ ನೀರು ಹೊಯ್ಯಬೇಕು ಎಂದು ಆಳುಗಳನ್ನು ಗೊತ್ತುಮಾಡಿದೆ.

ಸತ್ತವನ ತಾಯಿ ಬಂದಳು, ಮುದುಕಿ. ಕುಳ್ಳಗೆ, ಒಣಗಿದ ಮೈ, ಕೈಯಲ್ಲಿ ಮಡಕೆ. ಆಳುಗಳನ್ನು ಸರಿಸಿ ತಾನೇ ಹೊಳೆಗಿಳಿದು ನೀರು ತಂದು ಮೊಸಳೆಯ ತಲೆಯ ಮೇಲೆ ಹೊಯ್ದಳು. ಮತ್ತೆ ಹೋದಳು, ಮತ್ತೆ ಹೊಯ್ದಳು.

“ಅವ್ವ, ಬಿಡಿ, ಅವರು ಹಾಕ್ತಾರೆ” ಎಂದೆ.

“ಅವ್ರು ಅರ್ಧ ಮಡ್ಕೆ ಆಕ್ತಾರೆ ಬುದ್ಧಿ. ಇದು ಸಾಯ್ಬಾರ್ದು.” ನೀರು ಹೊಯ್ಯುತ್ತ ಮೊಸಳೆಯ ಜೊತೆ ಮಾತಿಗಿಳಿದಳು. “ಕುಡಿಯಲೇ, ಕುಡಿ. ನನ್ನ ಮಗನ್ನ ತಿಂದೋಳು ನೀನು, ಇನ್ನೂ ದಾಹವಾ? ಕುಡಿ. ನಾನು ಎತ್ತ ಕೂಸಿಗೂ ಇಷ್ಟು ಉಪಚಾರ ಮಾಡ್ನಿಲ್ಲ ಕಣೇ.” ಅದು ಹೆಣ್ಣೋ ಗಂಡೋ ಯಾರೂ ನೋಡಿರಲಿಲ್ಲ. ಅವಳು ಹೆಣ್ಣೆಂದೇ ತೀರ್ಮಾನಿಸಿಕೊಂಡಿದ್ದಳು.

ಮರುದಿನ ದೊರೆ ಬರಲಿಲ್ಲ. ಚುಕ್ಕಿಗಳ ಕೆಳಗೆ ದೊಡ್ಡ ಮೀನು ಗಾಳಕ್ಕೆ ಬೀಳುತ್ತಿದೆ ಎಂಬ ಸುದ್ದಿ ಕೇಳಿ ಅವನ ತಂಡ ಕೂಡಲನ್ನು ಬಿಟ್ಟು ನೇರ ಅಲ್ಲಿಗೇ ಹೋಗಿತ್ತು. ಮೊಸಳೆ ಹಾಗೇ ಇರಲಿ ಎಂದು ದಫೇದಾರ ಮತ್ತೆ ಅಪ್ಪಣೆ ತಂದ. ಅದರ ಮಾರನೆಯ ದಿನವೂ ಅದೇ. ನಾನು ಹಾಕಿಸಿದ್ದ ಡೇರೆಗಳಲ್ಲಿ ಕಾಗೆ ಕೂತಿದ್ದವು, ತರಿಸಿದ್ದ ಹಾಲು ಒಡೆಯಿತು.

ಆ ನಡುವೆ ಒಂದು ಮಧ್ಯಾಹ್ನ ಆಳುಗಳು ಊಟಕ್ಕೆ ಹೋದರು, ಮುದುಕಿ ಮತ್ತಿಮರದ ನೆರಳಲ್ಲಿ ತೂಕಡಿಸಿದಳು. ನಾನು ಬಂದು ನೋಡುವಾಗ ಬಾಲದ ಕಟ್ಟು ಜಾರಿತ್ತು. ಒಬ್ಬನೇ ಬಾಗಿ ಹಗ್ಗ ಹಿಡಿದೆ. ಬಾಲ ಬೀಸಿತು. ನಾನು ಗಾಳಿಯಲ್ಲಿ ಹೋಗಿ ಮರಳ ಮೇಲೆ ಬಿದ್ದೆ. ಪಕ್ಕೆಲುಬಿನ ಹತ್ತಿರ ಉಸಿರು ಸಿಕ್ಕಿಕೊಂಡಿತು, ಬಾಯಲ್ಲಿ ರಕ್ತ ಬಂತು. ಮುದುಕಿ ಎದ್ದು ಬಂದು ಮಡಕೆಯಿಂದ ಮೊಸಳೆಯ ಮೂತಿಗೆ ಬಡಿಯಲು ಕೈ ಎತ್ತಿದವಳು, ಎತ್ತಿದ ಕೈಯನ್ನು ಹಾಗೇ ಇಳಿಸಿದಳು.

“ಇಂಗೆ ಒಡುದ್ರೆ ಲೆಕ್ಕಕ್ಕೆ ಬರಕಿಲ್ಲ. ಕೇರಿಯೋರು ಎಲ್ಲಾ ನೋಡ್ಬೇಕು” ಎಂದಳು. ಯಜಮಾನ ಬರುವವರೆಗೂ ನೀರು ಹೊಯ್ಯುತ್ತ ನಿಂತಳು.

ಮೊಸಳೆ ಸೊರಗುತ್ತ ಬಂದಿತು. ಗಾಳ ಒಳಗೇ ಇತ್ತು. ಮೂತಿಯಿಂದ ಕಪ್ಪಗೆ ಒಸರುತ್ತಿತ್ತು, ನೊಣ ಮುತ್ತಿದವು. ಗಂಟಲ ಕೆಳಗಿನ ಚರ್ಮ ಉಸಿರಿಗೆ ಅಲುಗುತ್ತಿದ್ದದ್ದು ಕಡಿಮೆಯಾಯಿತು. ಹುಲ್ಲುಕಡ್ಡಿ ತಗುಲಿಸಿದರೆ ಮೊದಲು ಕಣ್ಣು ಮುಚ್ಚುತ್ತಿತ್ತು, ಈಗ ಮುಚ್ಚಲಿಲ್ಲ.

“ಇದು ಸಾಯ್ತದೆ ಶೇಕ್ದಾರಪ್ಪ” ಎಂದಳು ಮುದುಕಿ. “ಸತ್ರೆ ನನ್ನ ಮಗ ಅಲ್ಲೇ ಇರ್ತಾನೆ. ನಾನೂ ತಣ್ಣಗಿನ ಒಲೆ ಮುಂದೆ ಕುಂತು ಸಾಯ್ತೀನಿ.”

ಅದೇ ಹೊತ್ತಿಗೆ ಅಮಲ್ದಾರರು ಸಾರೋಟಿನಲ್ಲಿ ಬಂದರು. ನೆತ್ತಿಯ ಮೇಲೆ ಸೂರ್ಯ. ಅವರು ಇಳಿದ ಕೂಡಲೇ ನೀರು ಹೊಯ್ಯುತ್ತಿದ್ದವರೆಲ್ಲ ಮಡಕೆ ಕೆಳಗಿಟ್ಟು ಕೈ ಕಟ್ಟಿ ನಿಂತರು. ಮುದುಕಿಯನ್ನೂ ದಫೇದಾರ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿದ.

“ದೊರೆಗಳು ಹತ್ತಿರದ ಕೆರೆಯಲ್ಲೇ ಇದ್ದಾರೆ. ಬಾತುಕೋಳಿ ಮುಗಿಸಿಕೊಂಡು ಸಂಜೆಗೆ ಇಲ್ಲಿಗೆ ಬರ್ತಾರೆ” ಎಂದರು. ಮಾತಿನ ನಡುವೆ ದೂರದಿಂದ ಕೋವಿಯ ಸದ್ದು ಕೇಳಿಸುತ್ತಿತ್ತು. “ಚರ್ಮ ಹದ ಮಾಡಿಸಿ ಊರಿಗೆ ಒಯ್ಯಬೇಕಂತೆ. ತಲೆ ಗೋಡೆಗೆ. ಒಂದು ಗೀರು ಬಿದ್ದಿರಕೂಡದು.”

“ಮೊದಲ ಏಟು ಈ ತಾಯಿಯದು ಸ್ವಾಮಿ. ನಾನು ಮಾತು ಕೊಟ್ಟಿದ್ದೇನೆ.”

“ಏನ್ರೀ, ಮಾತು ಕೊಡೋಕೆ ನೀವು ಯಾರು? ಮಾತು ಕೊಡೋ ಅಧಿಕಾರ ಶೇಕ್ದಾರನಿಗಿಲ್ಲ. ಅದು ಸರ್ಕಾರಕ್ಕಿದೆ.”

“ಸಂಜೆಯ ತನಕ ಇದು ಬದುಕುವುದಿಲ್ಲ.”

“ಬದುಕಿಸಿ. ಅದಕ್ಕೇ ನಿಮ್ಮನ್ನು ಇಲ್ಲಿ ಇಟ್ಟಿರೋದು.” ಸ್ವಲ್ಪ ದನಿ ತಗ್ಗಿಸಿದರು. ಕೆಟ್ಟವರಲ್ಲ, ಅವರಿಗೂ ಮೇಲಿನವರ ಭಯ. “ನೋಡಿ, ನಿಮ್ಮ ಕಾಯಂ ಹುಕುಮಿಗೆ ನಾನು ಶಿಫಾರಸು ಬರೆಯಬೇಕು. ಕಷ್ಟಪಟ್ಟು ಓದಿ ಬಂದವರು ನೀವು. ಒಂದು ಮುದುಕಿ, ಒಂದು ಮೊಸಳೆ. ಇದಕ್ಕೆಲ್ಲ ಅದನ್ನು ಕಳೆದುಕೋಬೇಡಿ.”

ಸಾರೋಟು ಕೆರೆಯ ಕಡೆ ಹೋಯಿತು. ನಾನು ಮೊಸಳೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅದರ ಗಂಟಲನ್ನೇ ನೋಡಿದೆ. ಬಹಳ ಹೊತ್ತಾದ ಮೇಲೆ ಒಮ್ಮೆ ಅಲುಗಿತು. ನಮ್ಮಪ್ಪ ನನ್ನನ್ನು ಮೈಸೂರಿಗೆ ಬಿಡಲು ಬಂದಾಗ ಮಠದ ಬಾಗಿಲಲ್ಲಿ ನಿಂತು “ಮಗನ್ನ ಓದಿಸಿಕೊಡ್ತೀನಿ ಅಂತ ಒಂದು ಮಾತು ಹೇಳಿ ಬುದ್ಧಿ” ಎಂದು ಬೇಡಿದ್ದ. ಮಠದ ಸ್ವಾಮಿಗಳು ಹೇಳಿದರು, ಹೇಳಿದಂತೆ ನಡೆಸಿದರು. ಅವರಿಗೂ ಸರ್ಕಾರದ ಯಾವ ಅಧಿಕಾರವೂ ಇರಲಿಲ್ಲ.

ಎದ್ದು ದಫೇದಾರನಿಗೆ ಹೇಳಿದೆ: “ನೀವು ಹೋಗಿ ಅಮಲ್ದಾರರಿಗೆ ತಿಳಿಸಿ. ಶೇಕ್ದಾರರು ಅಪ್ಪಣೆ ಮೀರಿದರು ಅಂತ. ನನ್ನ ಹೆಸರು ಹೇಳಿ, ಇವರ ಯಾರ ಹೆಸರೂ ಎತ್ತಬೇಡಿ.” ಅವನು ನನ್ನ ಮುಖ ನೋಡಿದ, ಮುದುಕಿಯ ಮುಖ ನೋಡಿದ, ಹೊರಟ. ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತ ಬಹಳ ನಿಧಾನವಾಗಿ ನಡೆದ.

ಯಜಮಾನ ಕೇರಿಯವರನ್ನು ಕೂಗಿದ. ಎಲ್ಲರೂ ಸುತ್ತ ನಿಂತರು. ಅವನು ಕೊಡಲಿಯನ್ನು ಹೊಳೆಯಲ್ಲಿ ತೊಳೆದು ಮುದುಕಿಯ ಕೈಗೆ ಕೊಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಮಗನ ಹೆಸರು ಹಿಡಿದು ಕೂಗಿದಳು, ದಡದಿಂದ ದಡಕ್ಕೆ ಕೇಳುವ ಹಾಗೆ, ಊಟಕ್ಕೆ ಕರೆಯುವ ಧ್ವನಿಯಲ್ಲಿ. ಕೊಡಲಿ ಎತ್ತಿ ಬಿಟ್ಟಳು.

ಮೊಸಳೆಯ ತಲೆಬುರುಡೆ ಕಲ್ಲು. ಕೊಡಲಿ ಜಾರಿ ಕಣ್ಣಿನ ಮೇಲಿನ ಚರ್ಮವನ್ನು ಸೀಳಿತು, ರಕ್ತ ಚಿಮ್ಮಿತು. ಸತ್ತಂತಿದ್ದ ಪ್ರಾಣಿಗೆ ಎಲ್ಲಿ ಅಡಗಿತ್ತೋ ಆ ಜೀವ. ಅಮಲ್ದಾರರ ಮುಂದೆ ಎಲ್ಲರೂ ಕೈ ಕಟ್ಟಿ ನಿಂತಿದ್ದಷ್ಟು ಹೊತ್ತು ಯಾರೂ ನೀರು ಹೊಯ್ದಿರಲಿಲ್ಲ, ಹಗ್ಗಗಳು ಒಣಗಿದ್ದವು. ಬೆನ್ನ ಮೇಲಿನ ಗಳ ಫಟ್ಟನೆ ಮುರಿಯಿತು. ಕಾಲಿನ ಕಟ್ಟುಗಳು ಜಾರಿದವು, ಬಾಯಿಯ ಕಟ್ಟು ಮೂತಿಯಿಂದ ಕಳಚಿ ಬಿತ್ತು. ಮುದುಕಿಯನ್ನು ಹಿಂದಕ್ಕೆ ಎಳೆಯಲು ಯಜಮಾನ ಮುಂದೆ ಬಂದ. ಅದು ಅವನ ಪಾದವನ್ನು ಹಿಡಿಯಿತು.

ಹಿಡಿದುಕೊಂಡು ಹಿಮ್ಮುಖವಾಗಿ ಹೊಳೆಯ ಕಡೆ ಹೊರಟಿತು. ಯಜಮಾನ ಮರಳನ್ನು ಬಾಚುತ್ತ ಹಿಂದೆ ಹೋಗುತ್ತಿದ್ದ. “ಕಾಲು, ಕಾಲು” ಎನ್ನುತ್ತಿದ್ದ. ನನ್ನ ಕೈಗೆ ಡೇರೆಯ ಗೂಟ ನೆಡುವ ಹಾರೆ ಸಿಕ್ಕಿತು. ಮೊದಲ ಹೊಡೆತ ತಲೆಯ ಮೇಲೆ ಹಾಕಿದೆ. ಕೈ ಝುಮ್ಮೆಂದು ಹಾರೆ ಜಿಗಿದು ಬಂತು. ಅದು ನಿಲ್ಲಲಿಲ್ಲ. ಹಿಂಭಾಗ ನೀರಿಗೆ ತಾಗಿತು. ನೀರಿಗೆ ಹೋದರೆ ಮುಗಿಯಿತು. ಆಗ ಯಾರೋ ಬಾಲದ ಮೇಲೆ ಹಾರಿ ಬಿದ್ದು ಎರಡು ತೋಳಿನಿಂದ ತಬ್ಬಿಕೊಂಡರು. ದಫೇದಾರ. ದಾರಿಯಿಂದಲೇ ತಿರುಗಿ ಓಡಿಬಂದಿದ್ದ. ಅಡ್ಡಪಟ್ಟಿ ಹರಿದು ಹೋಗಿತ್ತು, ಬಾಲ ಅವನನ್ನು ಎತ್ತಿ ಎತ್ತಿ ಮರಳಿಗೆ ಬಡಿಯುತ್ತಿತ್ತು, ಅವನು ಬಿಡಲಿಲ್ಲ. “ಒಡೀರಿ ಸ್ವಾಮಿ! ಬಾಯೊಳಕ್ಕೆ! ಬಾಯೊಳಕ್ಕೆ ತುರುಕ್ರಿ!” ಎಂದು ಕಿರುಚಿದ.

ಯಜಮಾನನ ಪಾದದ ಪಕ್ಕದಲ್ಲಿ ಹಾರೆಯನ್ನು ದವಡೆಯ ಸಂದಿಗೆ ತೂರಿಸಿ ಮೈಭಾರವೆಲ್ಲ ಬಿಟ್ಟು ಮೀಟಿದೆ. ಒಂದು ಹಲ್ಲು ಮುರಿದು ನನ್ನ ಕೆನ್ನೆಗೆ ಸಿಡಿಯಿತು. ಬಾಯಿ ತೆರೆಯಿತು, ಕಾಲು ಹೊರಗೆ ಬಂತು. ತೆರೆದ ಬಾಯಿಯೊಳಗೆ ಹಳದಿ ಗಂಟಲು ಕಂಡಿತು. ಹಾರೆ ತಿರುಗಿಸಿ ಅಲ್ಲಿಗೆ ಇಳಿಸಿದೆ. ನಮ್ಮ ಮನೆಯಲ್ಲಿ ಚೇಳನ್ನು ಕೂಡ ಮೊರದಲ್ಲಿ ಎತ್ತಿ ಬೇಲಿಯಾಚೆ ಹಾಕುತ್ತಿದ್ದರು. ನಾನು ಹಾರೆಯನ್ನು ಅಲುಗಿಸಿ ಅಲುಗಿಸಿ ಇಳಿಸಿದೆ, ಅದು ಮರಳಿಗೆ ನಾಟುವ ತನಕ. ಕೊರಳಿನ ಲಿಂಗದ ಕರಡಿಗೆಯ ಮೇಲೆಲ್ಲ ರಕ್ತ.

ಆಮೇಲೆ ಕೇರಿಯವರು ಬಂದರು. ಮಚ್ಚು, ಹುಟ್ಟು, ಕಲ್ಲು, ಕೈಗೆ ಸಿಕ್ಕಿದ್ದು. ಅದು ಸತ್ತ ಮೇಲೂ ಹೊಡೆದರು. ಹೊಡೆಯುವ ಮುಖಗಳನ್ನು ನೋಡಲಾಗದೆ ಸಾಕೆಂದು ಕೂಗಿದೆ, ಯಾರಿಗೂ ಕೇಳಿಸಲಿಲ್ಲ. ತಾವಾಗಿ ಸುಸ್ತಾಗಿ ನಿಲ್ಲಿಸಿದರು.

ಯಜಮಾನನ ಪಾದದ ಮುಂಭಾಗ ಇರಲಿಲ್ಲ. ಮೊಣಕಾಲ ಕೆಳಗೆ ನಾರು ಬಿಗಿದು ಕಟ್ಟಿ, ಅದರ ಮೇಲೆ ನೀರು ಹೊಯ್ದು ಗಾಡಿಗೆ ಹಾಕಿದೆ. ಗಾಡಿಯಲ್ಲಿ ಮಲಗಿದ್ದವನು ಕೇಳಿದ: “ಏಟು ಬಿದ್ದಾಗ ಅದುಕ್ಕೆ ಜೀವ ಇತ್ತಲ್ವಾ ಬುದ್ಧಿ?”

“ಇತ್ತಲ್ಲಪ್ಪ, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು” ಎಂದೆ. ಅವನು ನಗಲು ನೋಡಿದ.

ಸಂಜೆ ದೊರೆ ಬಂದ, ಜೊತೆಗೆ ಅಮಲ್ದಾರರು, ಫೋಟೋ ತೆಗೆಯುವವನು, ಬಾತುಕೋಳಿಗಳ ಗೊಂಚಲು ಹೊತ್ತ ಆಳುಗಳು. ಅಮಲ್ದಾರರ ಮುಖ ಬಿಳಿಚಿತು. ಅವರು ಬಾಯಿ ತೆರೆಯುವ ಮುಂಚೆ ದಫೇದಾರ ಮುಂದೆ ಬಂದು ಕೈ ಮುಗಿದ. “ಅಗ್ಗ ಕಿತ್ಕೊಂಡ್ತು ಮಾಸ್ವಾಮಿ. ಆಳ್ಗಳ್ನ ಇಡೀತು. ಒಡೀದೆ ದಾರಿ ಇರ್ನಿಲ್ಲ.”

ನನ್ನನ್ನು ಉಳಿಸಲು ಹೇಳಿದ ಮಾತು. ಸುಮ್ಮನಿದ್ದರೆ ಸಾಕಿತ್ತು.

“ಹಗ್ಗ ಕಿತ್ತದ್ದು ಆಮೇಲೆ ಸ್ವಾಮಿ” ಎಂದೆ. “ಮೊದಲ ಏಟು ಈ ತಾಯಿಯದು. ನನ್ನ ಅಪ್ಪಣೆಯ ಮೇಲೆ ಬಿತ್ತು.” ಅದನ್ನೇ ದೊರೆಗೆ ಇಂಗ್ಲಿಷಿನಲ್ಲಿ ಹೇಳಿದೆ, ಮಗನನ್ನು ಇದು ತಿಂದಿತು ಎಂದು ಸೇರಿಸಿ. ಅವನು ಟೋಪಿ ತೆಗೆದು ಮುದುಕಿಯ ಕಡೆ ತಲೆಯಾಡಿಸಿದ. ಆಮೇಲೆ ಟೇಪು ತರಿಸಿ ಮೂತಿಯಿಂದ ಬಾಲದವರೆಗೆ ಅಳೆಸಿದ. ತಲೆ ಹಾಳಾಯಿತಲ್ಲ ಎಂದು ಒಮ್ಮೆ ಅಂದ. ಕುತ್ತಿಗೆಯ ಮೇಲೆ ಕಾಲಿಟ್ಟು ಕೋವಿ ಹಿಡಿದು ಫೋಟೋಕ್ಕೆ ನಿಂತ. ಮುದುಕಿ ಬಾಲದ ಹತ್ತಿರ ಕೂತಿದ್ದಳು. ಫೋಟೋದವನು ಅವಳನ್ನು ಸರಿಸಲು ಹೇಳಿದ. ಅಮಲ್ದಾರರು ದಫೇದಾರನನ್ನು ನೋಡಿದರು. ದಫೇದಾರ ಹೊಳೆಯನ್ನು ನೋಡುತ್ತ ನಿಂತಿದ್ದ. ಕೊನೆಗೆ ಹಾಗೇ ತೆಗೆದರು. ಯಾವುದೋ ದೇಶದ ಯಾವುದೋ ಗೋಡೆಯ ಮೇಲೆ ಅವಳೂ ಇರಬೇಕು.

“ನಿಮಗೆ ಈ ವರ್ಷ ನಾನು ಬರೆಯೋಲ್ಲ” ಎಂದರು ಅಮಲ್ದಾರರು, ಹೊರಡುವಾಗ. ಹೇಳಿದಂತೆಯೇ ಬರೆಯಲಿಲ್ಲ. ಶಿಕಾರಿ ಕ್ಯಾಂಪಿನ ಕೆಲಸಕ್ಕೂ ನನ್ನನ್ನು ಮತ್ತೆ ಯಾರೂ ಕರೆಯಲಿಲ್ಲ. ಕಾಯಂ ಹುಕುಂ ಬರುವಷ್ಟರಲ್ಲಿ ನನಗಿಂತ ಹಿಂದಿನವರು ಮುಂದೆ ಹೋಗಿದ್ದರು.

ಮರುದಿನ ಡೇರೆ ಕೀಳಿಸುತ್ತಿದ್ದೆ. ಪಕ್ಕೆಲುಬಿನ ನೋವಿಗೆ ಬಗ್ಗಲು ಆಗುತ್ತಿರಲಿಲ್ಲ. ಮುದುಕಿ ಒಂದು ಬಟ್ಟಲು ಮುಚ್ಚಿಕೊಂಡು ಬಂದಳು. ರಾಗಿ ಮುದ್ದೆ, ಉಪ್ಪೆಸರು. ಒಲೆ ಹಚ್ಚಿದ ಮೇಲಿನ ಮೊದಲ ಅಡಿಗೆ ಏಟಿಗೆ ಕೈ ಜೋಡಿಸಿದವರಿಗೆ ಹೋಗಬೇಕಂತೆ. ಯಜಮಾನನ ಪಾಲು ಆಗಲೇ ಆಸ್ಪತ್ರೆಗೆ ಹೋಗಿತ್ತು. ದಫೇದಾರ ಕೇರಿಯ ಜಗುಲಿಯಲ್ಲೇ ಕೂತು ಉಂಡು ಹೋಗಿದ್ದ.

“ಲಿಂಗ ಕಟ್ದೋರು ನೀವು, ನಂಗೊತ್ತು. ಒಸ ಮಡ್ಕೆ, ಒಸ ಸೌಟು. ಮೀನು ಮುಟ್ಟಿಲ್ಲ” ಎಂದಳು. ಅವರ ಕೇರಿಯ ಅನ್ನ ಉಂಡೆನೆಂದು ತಿಳಿದರೆ ನಮ್ಮವ್ವ ನನ್ನನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಕಳಚಿದ ಡೇರೆಯ ಮೇಲೆ ಕೂತು ತುತ್ತು ಮುರಿದೆ.

ಅವಳು ಎದುರಿಗೆ ಕೂತು ನನ್ನ ಬಾಯನ್ನೇ ನೋಡುತ್ತಿದ್ದಳು. “ಎಂಗದೆ?”

ಸುಳ್ಳು ಹೇಳಲು ಬರಲಿಲ್ಲ. “ಉಪ್ಪು ಜಾಸ್ತಿ ಆಯ್ತಲ್ಲವ್ವ.”

ಬೆರಳಿನಲ್ಲಿ ಸಾರು ಅದ್ದಿ ನಾಲಗೆಗೆ ಇಟ್ಟುಕೊಂಡು ನೋಡಿದಳು. “ಊಂ” ಎಂದಳು. “ಅವ್ನು ಯಾವಾಗ್ಲೂ ಉಪ್ಪು ಸಾಲ್ದು ಅಂತಿದ್ದ. ಅವ್ನ ಬಾಯಿಗೇ ಆಕ್ಬುಟ್ಟಿವ್ನಿ.”

ಮುದ್ದೆಯನ್ನೂ ಸಾರನ್ನೂ ಏನೂ ಉಳಿಸದೆ ಉಂಡೆ. ಬಟ್ಟಲು ತೊಳೆದು ಕೊಡಲೆಂದು ಹೊಳೆಗಿಳಿದೆ. ನೀರು ಮೊಣಕಾಲಿಗೆ ಬಂದಿತ್ತು. ಹಿಂದಿನಿಂದ ಅವಳು ಕೂಗಿದಳು.

“ಆಳಕ್ಕೆ ಓಗ್ಬ್ಯಾಡ. ದಡದಲ್ಲೇ ತೊಳಿ.”